ಮಕ್ಕಳು ಮೈಸೂರಲ್ಲಿ ರೂಮು ಮಾಡುವ ಮೊದಲು ಮನೆಯಲ್ಲೇ ಕಲಿಸಬೇಕಾದ ಲೆಕ್ಕ

ಪಿಯುಸಿ ಫಲಿತಾಂಶ ಬಂದರೆ ಸಾಕು, ಮಂಡ್ಯ ಕಡೆಯ ಮನೆಗಳಲ್ಲಿ ಮೈಸೂರಿನದ್ದೇ ಮಾತು. ಯಾವ ಕಾಲೇಜು, ಎಷ್ಟು ಫೀಸು, ಹಾಸ್ಟೆಲ್ಲೋ ರೂಮೋ. ಇಷ್ಟೆಲ್ಲ ವಿಚಾರಿಸುವ ಅಪ್ಪ ಅಮ್ಮ ಒಂದನ್ನು ಮಾತ್ರ ಕೇಳಿಕೊಳ್ಳುವುದಿಲ್ಲ. ಒಂದು ತಿಂಗಳ ದುಡ್ಡನ್ನು ಒಟ್ಟಿಗೆ ಕೈಗೆ ಕೊಟ್ಟರೆ, ತಿಂಗಳ ಕೊನೆತನಕ ಓಡಿಸಲು ಈ ಹುಡುಗನಿಗೆ, ಈ ಹುಡುಗಿಗೆ ಬರುತ್ತದಾ?

ಸರಸ್ವತಿಪುರಂನ ನಮ್ಮ ಮನೆಯ ಮಹಡಿಯನ್ನು ಓದುವ ಮಕ್ಕಳಿಗೆ ಬಾಡಿಗೆಗೆ ಕೊಡುತ್ತೇವೆ. ಮದ್ದೂರು, ಮಳವಳ್ಳಿ, ಪಾಂಡವಪುರ, ಕೆ.ಆರ್. ಪೇಟೆ ಕಡೆಯವರೇ ಜಾಸ್ತಿ. ನಾನು ಕಂಡ ಹಾಗೆ, ತಿಂಗಳ ಕೊನೆಗೆ ಒದ್ದಾಡುವವರು ಬಡವರ ಮಕ್ಕಳೇ ಆಗಿರಬೇಕು ಅಂತೇನಿಲ್ಲ. ಕೇಳಿದಾಗೆಲ್ಲ ಐವತ್ತು, ನೂರು ಸಿಕ್ಕಿ ಬೆಳೆದವರು ಜಾಸ್ತಿ ಒದ್ದಾಡುತ್ತಾರೆ. ಅವರಿಗೆ ಖರ್ಚು ಮಾಡಲು ಗೊತ್ತು, ಕೇಳಲೂ ಗೊತ್ತು. ಇರುವಷ್ಟರಲ್ಲಿ ಯಾವುದು ಬೇಕು, ಯಾವುದು ಬೇಡ ಅಂತ ತಾವೇ ತೀರ್ಮಾನ ಮಾಡಿ ಅಭ್ಯಾಸ ಇಲ್ಲ. ಡೈರಿ ಬಟವಾಡೆ ಎಣಿಸಿಕೊಂಡು ಬಂದು, ಅದರಲ್ಲೇ ಮನೆಗೆ ಸಾಮಾನು ತಂದು, ಚಿಲ್ಲರೆ ಲೆಕ್ಕ ಒಪ್ಪಿಸಿದ ಹುಡುಗಿ ಇದ್ದಾಳಲ್ಲ, ಅವಳು ಮೊದಲ ತಿಂಗಳೇ ಸಲೀಸಾಗಿ ದಾಟುತ್ತಾಳೆ.

ಹಾಗಾಗಿ ಮುಂದೆ ಹೇಳುವುದೆಲ್ಲ ಒಂದೇ ಮಾತಿನ ಸುತ್ತ ಇದೆ. ದುಡ್ಡಿನ ಜೊತೆ ತೀರ್ಮಾನವನ್ನೂ ಮಕ್ಕಳ ಕೈಗೆ ಕೊಡಿ, ಮನೆಯಲ್ಲಿರುವಾಗಲೇ ಕೊಡಿ. ಪರೀಕ್ಷೆ ಮುಗಿದು ಕಾಲೇಜು ಶುರುವಾಗುವವರೆಗಿನ ರಜೆ ಇದಕ್ಕೆ ಹೇಳಿ ಮಾಡಿಸಿದ ಸಮಯ.

1. ರೂಮು ಬೇಕಾ ಅಂತ ಮೊದಲು ನೋಡಿ

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ದಿನಾ ಹೋಗಿ ಬರುವವರು ಬೇಕಾದಷ್ಟು ಜನ ಇದ್ದಾರೆ. ರೈಲಿಗೆ ತಿಂಗಳ ಸೀಸನ್ ಟಿಕೆಟ್ ಇದೆ, ಓದುವ ಮಕ್ಕಳಿಗೆ ಅದರಲ್ಲಿ ರಿಯಾಯಿತಿಯೂ ಇದೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಊರು ಹೆದ್ದಾರಿಗೋ ಸ್ಟೇಷನ್ನಿಗೋ ಹತ್ತಿರ ಇದ್ದರೆ ಮೊದಲ ವರ್ಷ ಓಡಾಡಲಿ. ನಾಗಮಂಗಲದ ಆಚೆ ಒಳಗಿನ ಹಳ್ಳಿ ಅಂದರೆ ಬೇಡ, ಮಗು ಬಸ್ಸಿನಲ್ಲೇ ಸವೆದುಹೋಗುತ್ತದೆ.

ರೂಮು ಹುಡುಕುವ ಮೊದಲು ಸಮಾಜ ಕಲ್ಯಾಣ ಇಲಾಖೆಯ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗಳಿಗೆ ಅರ್ಜಿ ಹಾಕಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆ ನೆರವಾಗಲು ವಿದ್ಯಾಸಿರಿ ಇದೆ.

2. ಮನೆಯ ಲೆಕ್ಕ ಬಿಚ್ಚಿಡಿ

ಇದು ಅಪ್ಪಂದಿರಿಗೆ ಬಲು ಕಷ್ಟದ ಹೆಜ್ಜೆ. ಸೊಸೈಟಿ ಸಾಲ ಎಷ್ಟಿದೆ, ಯಾವ ಒಡವೆ ಬ್ಯಾಂಕಿನಲ್ಲಿದೆ, ಕಬ್ಬಿನ ದುಡ್ಡು ಎಷ್ಟು ಬಂತು, ಅದರಲ್ಲಿ ಗೊಬ್ಬರದ ಅಂಗಡಿಗೆ ಎಷ್ಟು ಹೋಯಿತು. ಇದೆಲ್ಲ ಮಕ್ಕಳಿಗೆ ಯಾಕೆ ಅನ್ನುತ್ತಾರೆ. ಗೊತ್ತಾಗದೆ ಇದ್ದರೆ ಅವರಿಗೆ ಕಾಣುವುದು ಕಬ್ಬಿನ ದುಡ್ಡು ಬಂದ ವಾರದ ಮನೆ ಮಾತ್ರ. ಆ ವಾರ ಮಟನ್ನು ಇರುತ್ತದೆ, ಹೊಸ ಬಟ್ಟೆ ಇರುತ್ತದೆ. 'ನಮ್ಮಪ್ಪನ ಹತ್ರ ದುಡ್ಡಿದೆ' ಅಂತ ಮಕ್ಕಳ ತಲೆಯಲ್ಲಿ ಕೂತುಬಿಡುತ್ತದೆ.

ಒಂದು ಸಂಜೆ ಕೂತು, ಹೋದ ವರ್ಷ ಮನೆಗೆ ಬಂದದ್ದು, ಮನೆಯಿಂದ ಹೋದದ್ದು ಎರಡನ್ನೂ ಒಂದು ಹಾಳೆಯಲ್ಲಿ ಅವರ ಕೈಯಲ್ಲೇ ಬರೆಸಿ. ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು ಅಂತ ನಿಯಮ ಇದೆ. ಅದು ತಡವಾದ ವರ್ಷ ನೀವು ಎಲ್ಲಿಂದ ತಂದು ನಿಭಾಯಿಸಿದಿರಿ, ಅದಕ್ಕೆ ಎಷ್ಟು ಬಡ್ಡಿ ಕಟ್ಟಿದಿರಿ ಅಂತ ಹೇಳಿ. ಓದಿಗೆ ಅಂತ ತಿಂಗಳಿಗೆ ಎಷ್ಟು ಕೊಡಲು ಆಗುತ್ತದೆ ಅನ್ನುವ ಅಂಕಿ ಆ ಹಾಳೆಯಿಂದಲೇ ಬರಲಿ. ಹಾಗೆ ಬಂದ ಅಂಕಿಯ ಜೊತೆ ಮಕ್ಕಳು ಜಗಳ ಆಡುವುದು ಕಡಿಮೆ. ಹೆದರಿಸಲು ಮಾತ್ರ ಇದನ್ನು ಬಳಸಬೇಡಿ. 'ನಿನಗಾಗಿ ಸಾಲ ಮಾಡಿದ್ದೀನಿ' ಅಂತ ವಾರಕ್ಕೊಮ್ಮೆ ಹೇಳಿಸಿಕೊಂಡ ಮಗು ಮುಂದೆ ತನ್ನ ತೊಂದರೆಯನ್ನು ನಿಮ್ಮ ಹತ್ತಿರ ಹೇಳುವುದಿಲ್ಲ.

3. ರಜೆಯಲ್ಲಿ ತಾಲೀಮು

ಮೊದಲ ತಿಂಗಳು ವಾರದ ಖರ್ಚನ್ನು ಸೋಮವಾರ ಒಟ್ಟಿಗೆ ಕೊಡಿ. ಮೊಬೈಲ್ ರೀಚಾರ್ಜ್, ಕಟಿಂಗ್, ಸೋಪು, ಗೆಳೆಯರ ಜೊತೆ ತಿಂಡಿ ಎಲ್ಲ ಅದರಲ್ಲೇ. ಗುರುವಾರ ಮುಗಿದರೆ ಮುಗಿಯಿತು. ಮುಂದಿನ ಸೋಮವಾರದವರೆಗೆ ಕೊಡಬೇಡಿ. ಇಲ್ಲಿ ಕೆಡಿಸುವವರು ಅಜ್ಜಿಯರು. ಸೆರಗಿನ ಗಂಟು ಬಿಚ್ಚಿ ಕೊಟ್ಟೇ ಕೊಡುತ್ತಾರೆ. ಅವರಿಗೆ ಮೊದಲೇ ಹೇಳಿಡಿ.

ಎರಡನೇ ತಿಂಗಳು ಇಡೀ ತಿಂಗಳದ್ದನ್ನು ಒಂದೇ ಸಲ ಕೊಡಿ. ಜೊತೆಗೆ ಮನೆಯ ಒಂದು ಕೆಲಸವನ್ನು ಪೂರ್ತಿ ಒಪ್ಪಿಸಿ. ತರಕಾರಿ, ದಿನಸಿ ಅಥವಾ ಕರೆಂಟ್ ಬಿಲ್ಲು, ಯಾವುದಾದರೂ ಸರಿ. ದುಡ್ಡು ಅವರ ಕೈಯಲ್ಲಿ, ಚೀಟಿ ಬರೆಯುವುದೂ ಅವರೇ, ಅಂಗಡಿ ಆರಿಸುವುದೂ ಅವರೇ. ಉಳಿದರೆ ಉಳಿದದ್ದು ಅವರದ್ದು. ಮೊದಲ ಸಲ ಬೇಳೆ ಮರೆತು ಕುರ್‌ಕುರೆ ತರುತ್ತಾರೆ. ತರಲಿ. ಎರಡು ದಿನ ಮನೆಮಂದಿ ಎಲ್ಲ ಬೇಳೆ ಇಲ್ಲದ ಸಾರು ಉಂಡರೆ ಚೀಟಿ ತಾನಾಗಿ ಸರಿಹೋಗುತ್ತದೆ. ನೀವು ಓಡಿಹೋಗಿ ಬೇಳೆ ತಂದರೆ ತಾಲೀಮು ಅಲ್ಲಿಗೇ ನಿಂತಿತು.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಅವಳ ಖರ್ಚಿನ ದುಡ್ಡನ್ನು ಅಣ್ಣನ ಫೋನಿಗೆ ಹಾಕಿ, ಅವನ ಕೈಯಿಂದ ಕೊಡಿಸುವ ಮನೆಗಳು ಇವತ್ತಿಗೂ ಇವೆ. ಅವಳಿಗೆ ಅವಳದ್ದೇ ಖಾತೆ, ಅವಳದ್ದೇ ಕಾರ್ಡು ಇರಲಿ. ಹಾಗೇ ಗಂಡುಹುಡುಗರ ತಟ್ಟೆಯನ್ನು ಅವ್ವ ತೊಳೆಯುವುದು ಈ ರಜೆಯಲ್ಲಿ ನಿಲ್ಲಲಿ.

4. ಎರಡು ಖಾತೆ, ಒಂದು ಪಿನ್

ಶಾಲೆಯಲ್ಲಿದ್ದಾಗ ತೆಗೆಸಿದ ಖಾತೆ ಅಪ್ರಾಪ್ತರ ಖಾತೆ ಆಗಿರುತ್ತದೆ. 18 ತುಂಬಿದ ಮೇಲೆ ಬ್ಯಾಂಕಿಗೆ ಹೋಗಿ ಹೊಸದಾಗಿ ಕೆವೈಸಿ ಕೊಟ್ಟು, ಸಹಿ ಬದಲಿಸಬೇಕು. ಇಲ್ಲದಿದ್ದರೆ ಫೀಸು ಕಟ್ಟುವ ದಿನವೇ ಖಾತೆ ಕೈಕೊಡುತ್ತದೆ. ಸ್ಕಾಲರ್‌ಶಿಪ್ ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ಯಾವ ಖಾತೆಗೆ ಜೋಡಣೆಯಾಗಿದೆ ಅಂತ ಬ್ಯಾಂಕಿನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ. ಸ್ಕಾಲರ್‌ಶಿಪ್ ಬಂದಿಲ್ಲ ಅಂತ ಕಾಯುತ್ತಾ ಕೂತವರಲ್ಲಿ ಎಷ್ಟೋ ಜನರ ತೊಡಕು ಇಷ್ಟೇ ಇರುತ್ತದೆ.

ಎರಡನೇ ಖಾತೆ ದಿನದ ಖರ್ಚಿಗೆ. ಫೋನ್‌ಪೇ, ಗೂಗಲ್‌ಪೇ ಇದಕ್ಕೆ ಮಾತ್ರ ಜೋಡಿಸಲಿ. ಫೀಸು, ಸ್ಕಾಲರ್‌ಶಿಪ್ ಇರುವ ಖಾತೆ ಫೋನಿನಲ್ಲಿ ಸಿಗಲೇಬಾರದು. ಫೋನ್ ಕಳೆದರೂ, ಮೋಸ ಹೋದರೂ ಹೋಗುವುದು ಆ ವಾರದ ದುಡ್ಡು ಅಷ್ಟೇ.

ಮೂರು ಮಾತುಗಳನ್ನು ಬಾಯಿಪಾಠ ಮಾಡಿಸಿ. ದುಡ್ಡು ಬರುವುದಕ್ಕೆ ಪಿನ್ ಒತ್ತಬೇಕಾಗಿಲ್ಲ, ಕಳಿಸುವುದಕ್ಕೆ ಮಾತ್ರ ಒತ್ತಬೇಕು. ಹಣ ಮೋಸವಾದರೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಬೇಕು, ಅಪ್ಪನಿಗೆ ಆಮೇಲೆ. ಇನ್ನೊಂದು, ಖಾತೆಯನ್ನು ಯಾರಿಗೂ ಬಳಸಲು ಕೊಡಬಾರದು. 'ನಿನ್ನ ಅಕೌಂಟಿಗೆ ದುಡ್ಡು ಬರುತ್ತೆ, ತೆಗೆದುಕೊಡು, ನಿನಗೆ ಕಮಿಷನ್' ಅಂತ ಕಾಲೇಜು ಹುಡುಗರನ್ನು ಹುಡುಕಿಕೊಂಡು ಬರುವವರಿದ್ದಾರೆ. ಅದು ಮೋಸದ ದುಡ್ಡು ಸಾಗಿಸುವ ದಾರಿ. ಸಿಕ್ಕಿಬಿದ್ದಾಗ ಪೊಲೀಸರು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ.

5. ನಾಲ್ಕು ಅಡುಗೆ ಸಾಕು

ಅನ್ನ, ಬೇಳೆಸಾರು, ಉಪ್ಪಿಟ್ಟು, ಉಪ್ಸಾರು. ಉಪ್ಸಾರನ್ನು ಬೇಕಂತಲೇ ಸೇರಿಸಿದ್ದೇನೆ. ಸೊಪ್ಪು, ಕಾಳು ಬೇಯಿಸಿ ಬಸಿದರೆ ಒಂದೇ ಪಾತ್ರೆಯಲ್ಲಿ ಸಾರೂ ಆಯಿತು, ಪಲ್ಯವೂ ಆಯಿತು. ಅವ್ವ ಅರೆದುಕೊಟ್ಟ ಖಾರ ಡಬ್ಬಿಯಲ್ಲಿದ್ದರೆ ಕಾಲೇಜಿಂದ ಬಂದು ಅರ್ಧ ಗಂಟೆಯಲ್ಲಿ ಊಟ. ರಾಗಿ ಹಿಟ್ಟು ಊರಿಂದಲೇ ಬರುತ್ತದೆ. ಮುದ್ದೆ ಮೊದಲು ಗಂಟಾಗುತ್ತದೆ, ನಾಲ್ಕು ಸಲ ತಿರುವಿದ ಮೇಲೆ ಸರಿಯಾಗುತ್ತದೆ. ಹೊರಗಿನ ಒಂದು ಹೊತ್ತಿನ ಊಟಕ್ಕೆ ಕೊಡುವ ದುಡ್ಡಿನಲ್ಲಿ ರೂಮಿನ ಮೂರು ಜನಕ್ಕೆ ಎಷ್ಟು ಹೊತ್ತಿನ ಊಟ ಆಗುತ್ತದೆ ಅಂತ ಅವರೇ ಲೆಕ್ಕ ಹಾಕಲಿ.

ಗ್ಯಾಸಿಗೆ 5 ಕಿಲೋ ಸಿಲಿಂಡರ್ ಸಿಗುತ್ತದೆ, ವಿಳಾಸದ ದಾಖಲೆ ಬೇಕಿಲ್ಲ, ಗುರುತಿನ ಚೀಟಿ ಸಾಕು. ಇಂಡಕ್ಷನ್ ಒಲೆ ಅಂದರೆ 2,000 ವ್ಯಾಟ್‌ನಲ್ಲಿ ಒಂದು ಗಂಟೆ ಉರಿಸಿದರೆ 2 ಯೂನಿಟ್. ತರಕಾರಿ ಸಂಜೆ ಹೊತ್ತು ಕೊಳ್ಳಲಿ, ಉಳಿದದ್ದನ್ನು ಮಾರಿ ಹೋಗುವ ಆತುರದಲ್ಲಿ ಬೆಲೆ ಇಳಿಸುತ್ತಾರೆ. ತಿಂಗಳ ಕೊನೆಗೆ ಕೈ ತೀರ ಬರಿದಾದರೆ ಇಂದಿರಾ ಕ್ಯಾಂಟೀನ್ ಇದೆ. ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ನಾಚಿಕೆಪಡುವಂಥದ್ದೇನಿಲ್ಲ ಅಲ್ವಾ?

6. ರೂಮು ಹಿಡಿಯುವಾಗ

ಮನೆ ಓನರ್ ಆಗಿ ನಾನೇ ಹೇಳುತ್ತಿದ್ದೇನೆ, ಓನರ್ ಬಾಯಿಮಾತನ್ನು ನಂಬಿ ಅಡ್ವಾನ್ಸ್ ಕೊಡಬೇಡಿ. ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿಗೆ ಇರುತ್ತದೆ. ಒಂದು ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೇ ಈ 11. ಕರಾರಿನಲ್ಲಿ ಇವಿಷ್ಟು ಇರಲಿ: ಅಡ್ವಾನ್ಸ್ ಎಷ್ಟು, ಖಾಲಿ ಮಾಡಿದ ಎಷ್ಟು ದಿನದೊಳಗೆ ವಾಪಸ್, ಬಣ್ಣಕ್ಕೆ ಅಂತ ಹಿಡಿದುಕೊಳ್ಳುವುದು ಎಷ್ಟು, ಎಷ್ಟು ದಿನ ಮುಂಚೆ ಹೇಳಬೇಕು, ನೀರಿನ ಬಿಲ್ಲು ಯಾರದ್ದು. ಕೀಲಿ ಕೈಗೆ ಬಂದ ದಿನವೇ ಗೋಡೆ, ನಲ್ಲಿ, ಕಿಟಕಿ, ಕರೆಂಟ್ ಮೀಟರ್ ಎಲ್ಲದರ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಲಿ. ಖಾಲಿ ಮಾಡುವ ದಿನ ಅರ್ಧ ಜಗಳ ಇದರಲ್ಲೇ ತಪ್ಪುತ್ತದೆ. ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರುವ ಭೋಗ್ಯದ ಮನೆ ಅಂತ ಯಾರಾದರೂ ಹೇಳಿದರೆ ಓದುವ ಮಕ್ಕಳಿಗೆ ಬೇಡವೇ ಬೇಡ. ಅಷ್ಟು ದೊಡ್ಡ ಗಂಟು ಒಬ್ಬರ ಕೈಯಲ್ಲಿ ಸಿಕ್ಕಿಹಾಕಿಕೊಂಡರೆ ಬಿಡಿಸುವುದು ಸುಲಭ ಅಲ್ಲ.

ಕರೆಂಟಿಗೆ ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು. ಮೀಟರಿನ ಆರ್‌ಆರ್ ನಂಬರಿಗೆ ಆಧಾರ್ ಜೋಡಿಸಿರಬೇಕು, ಬಳಕೆ 200 ಯೂನಿಟ್ ಒಳಗಿರಬೇಕು. ಒಂದೇ ಮೀಟರಿಗೆ ಎರಡು ಮನೆ ಸೇರಿಸಿದ್ದಾರಾ ಅಂತ ಮೊದಲೇ ಕೇಳಿ.

ಓನರ್‌ಗಿಂತ ಜಾಸ್ತಿ ತಲೆನೋವು ರೂಮ್‌ಮೇಟ್‌ಗಳದ್ದು. ಮೂರು ಜನ ಸೇರಿ ಹಿಡಿಯುತ್ತಾರೆ, ಮೂರನೇ ತಿಂಗಳಿಗೆ ಒಬ್ಬ ಬಿಟ್ಟುಹೋಗುತ್ತಾನೆ. ಉಳಿದಿಬ್ಬರ ಮೇಲೆ ಪೂರ್ತಿ ಬಾಡಿಗೆ ಬೀಳುತ್ತದೆ. ಒಂದೇ ಬೆಂಚಿನ ಗೆಳೆಯರು ಇದೇ ವಿಷಯಕ್ಕೆ ಮಾತು ಬಿಟ್ಟದ್ದನ್ನು ನಮ್ಮ ಮಹಡಿ ಮೆಟ್ಟಿಲ ಮೇಲೇ ನೋಡಿದ್ದೇನೆ. ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದಿಡಲಿ: ಯಾರ ಪಾಲು ಎಷ್ಟು, ಮಧ್ಯೆ ಹೋಗುವವನು ಬದಲಿ ಹುಡುಗನನ್ನು ತರಬೇಕು ಅಥವಾ ಒಂದು ತಿಂಗಳ ಪಾಲು ಕೊಟ್ಟು ಹೋಗಬೇಕು, ಪಾತ್ರೆ ಯಾರು ತೊಳೆಯಬೇಕು, ಬೆಳಿಗ್ಗೆ ನೀರು ಬಂದಾಗ ಯಾರು ಹಿಡಿಯಬೇಕು.

7. ತಿಂಗಳ ದುಡ್ಡನ್ನು ಐದು ಪಾಲು ಮಾಡಿ

ಲೆಕ್ಕಕ್ಕೆ ಅಂತ ತಿಂಗಳಿಗೆ 7,000 ರೂಪಾಯಿ ಇಟ್ಟುಕೊಳ್ಳಿ. ಬಾಡಿಗೆ ಪಾಲು 2,500, ದಿನಸಿ ಮತ್ತು ಗ್ಯಾಸು 2,000, ಕರೆಂಟು, ನೀರು 300, ಬಸ್ಸು, ಫೋನು 700. ಒಟ್ಟು 5,500. ಇದು ಮೊದಲ ದಿನವೇ ಪಕ್ಕಕ್ಕೆ. ಉಳಿಯುವುದು 1,500.

ಇಲ್ಲಿ ಎಲ್ಲರೂ ನಾಲ್ಕು ವಾರಕ್ಕೆ ಭಾಗಿಸುತ್ತಾರೆ. ತಿಂಗಳೆಂದರೆ ನಾಲ್ಕು ವಾರದ ಮೇಲೆ ಇನ್ನೂ ಎರಡು ಮೂರು ದಿನ. ಊರಿಗೆ ಫೋನ್ ಬರುವುದು ಆ ದಿನಗಳಲ್ಲೇ: 'ಅಪ್ಪಾ, ಒಂದೈನೂರು ಹಾಕಪ್ಪ.' ಐದರಿಂದ ಭಾಗಿಸಿ. ವಾರಕ್ಕೆ 300. ಐದನೇ 300ರಲ್ಲಿ ಕೊನೆಯ ದಿನಗಳು ಕಳೆದು, ಮಿಕ್ಕಿದ್ದು ಹುಷಾರು ತಪ್ಪಿದರೆ ಬೇಕಾಗುತ್ತದೆ ಅಂತ ಉಳಿಯಲಿ.

ಲೆಕ್ಕ ಬರೆಯಲು ಆ್ಯಪ್ ಬೇಕಿಲ್ಲ. ಯುಪಿಐ ಹಿಸ್ಟರಿಯೇ ಎಲ್ಲ ಹೇಳುತ್ತದೆ. ಭಾನುವಾರ ಅದನ್ನು ತೆರೆದು ಹತ್ತು ನಿಮಿಷ ನೋಡಿದರೆ ಸಾಕು. ಹತ್ತು, ಇಪ್ಪತ್ತರ ಟೀ, ಜ್ಯೂಸುಗಳು ಸೇರಿ ಎಷ್ಟಾಗಿವೆ ಅಂತ ಕಂಡಾಗ ಯಾರೂ ಬುದ್ಧಿ ಹೇಳಬೇಕಾಗುವುದಿಲ್ಲ. ನೀವು ಮಾತ್ರ ಪ್ರತಿ ಸಾಲನ್ನೂ ಕೇಳಲು ಹೋಗಬೇಡಿ. ತಿಂಗಳಿಗೊಮ್ಮೆ ಊರಿಗೆ ಬಂದಾಗ ಒಟ್ಟು ಲೆಕ್ಕ ನೋಡಿ, ಸಾಕು.

8. ಸಾಲವನ್ನು ನಮ್ಮ ಭಾಷೆಯಲ್ಲಿ ಹೇಳಿ

ಊರಲ್ಲಿ ತಿಂಗಳಿಗೆ 'ನೂರಕ್ಕೆ ಐದು ರೂಪಾಯಿ ಬಡ್ಡಿ' ಅಂದರೆ ಎಂಥವನಿಗೂ ಭಯ ಆಗುತ್ತದೆ. ಕ್ರೆಡಿಟ್ ಕಾರ್ಡಿನ ಬಡ್ಡಿ ಎಷ್ಟೋ ಕಡೆ ತಿಂಗಳಿಗೆ ಶೇ 3.5ರ ಆಸುಪಾಸು ಇರುತ್ತದೆ. ಅಂದರೆ ನೂರಕ್ಕೆ ಮೂರೂವರೆ ರೂಪಾಯಿ, ವರ್ಷಕ್ಕೆ 42. ಹೀಗೆ ಹೇಳಿ ನೋಡಿ, ತಕ್ಷಣ ತಲೆಗೆ ಹೋಗುತ್ತದೆ. 'ಮಿನಿಮಮ್ ಡ್ಯೂ' ಕಟ್ಟುತ್ತಾ ಹೋಗುವುದು ಅಂದರೆ ಬಡ್ಡಿ ಕಟ್ಟಿ ಅಸಲನ್ನು ಹೆಚ್ಚುಕಡಿಮೆ ಹಾಗೇ ಬಿಡುವುದು.

ಆ್ಯಪ್ ಸಾಲಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಸಾಲದ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್, ಕರೆ ವಿವರ, ಫೋಟೋಗಳನ್ನು ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಕಾಂಟ್ಯಾಕ್ಟ್ ಕೇಳುವ ಆ್ಯಪ್ ಬಂತೆಂದರೆ ಅಲ್ಲೇ ಡಿಲೀಟ್. ನಾಳೆ ಕಂತು ತಪ್ಪಿದಾಗ ಅತ್ತೆ, ಮಾವ, ಮೇಷ್ಟ್ರಿಗೆಲ್ಲ ಫೋನ್ ಮಾಡುವುದಕ್ಕೇ ಅವರು ಅದನ್ನು ಕೇಳುವುದು.

ಕ್ರಿಕೆಟ್ ಬೆಟ್ಟಿಂಗ್, ರಮ್ಮಿ ಬಗ್ಗೆ ಮುಚ್ಚಿಟ್ಟುಕೊಳ್ಳದೆ ಮಾತಾಡಿ. ದುಡ್ಡು ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ನಿಷೇಧಿಸಿತು. ಹಾಗಂತ ಕಳ್ಳ ದಾರಿಗಳು ಮುಚ್ಚಿಹೋಗಿಲ್ಲ. ಐಪಿಎಲ್ ಸಮಯದಲ್ಲಿ ಊರಿನ ಅರಳಿಕಟ್ಟೆಯಲ್ಲೇ ನಡೆಯುವುದು ನಿಮಗೇ ಗೊತ್ತು.

9. ದುಡ್ಡು ಮುಗಿದಾಗ ಏನು ಮಾಡಬೇಕು ಅಂತ ಮೊದಲೇ ಗೊತ್ತಿರಲಿ

ಒಂದಲ್ಲ ಒಂದು ತಿಂಗಳು ಮುಗಿದೇ ಮುಗಿಯುತ್ತದೆ. ಆಗ ಹುಡುಗ ಹೆದರಿ ಆ್ಯಪ್ ಸಾಲಕ್ಕೆ ಹೋಗಬಾರದು, ನಿಮಗೆ ಫೋನ್ ಮಾಡಬೇಕು. ಅದಕ್ಕೆ ನಿಯಮ ಮೊದಲೇ ಮಾತಾಗಿರಲಿ. ಕಾಯಿಲೆ, ಪರೀಕ್ಷೆ ಫೀಸು ಆದರೆ ನೀವೇ ಕೊಡುತ್ತೀರಿ, ಪ್ರಶ್ನೆ ಇಲ್ಲ. ಉಳಿದದ್ದಕ್ಕೆ ಸಾಲವಾಗಿ ಕೊಡುತ್ತೀರಿ, ಮುಂದಿನ ಎರಡು ತಿಂಗಳಲ್ಲಿ ಅರ್ಧರ್ಧ ಹಿಡಿದುಕೊಳ್ಳುತ್ತೀರಿ. ಹಿಡಿದುಕೊಳ್ಳುತ್ತೀನಿ ಅಂದಮೇಲೆ ಹಿಡಿದುಕೊಳ್ಳಲೇಬೇಕು. ಫೋನಿನಲ್ಲಿ ಬೈಯುವುದು ಬೇಡ. ಬೈದರೆ ಮುಂದಿನ ಸಲ ಫೋನೇ ಬರುವುದಿಲ್ಲ.

ಆರೋಗ್ಯದ ಕಾರ್ಡು, ಆಧಾರ್ ಪ್ರತಿ ಅವರ ಹತ್ತಿರವೂ ಇರಲಿ. ಆಂಬುಲೆನ್ಸ್‌ಗೆ 108, ಯಾವುದೇ ತುರ್ತಿಗೆ 112. ದೊಡ್ಡ ಸರ್ಕಾರಿ ಆಸ್ಪತ್ರೆ ಅಂದರೆ ಕೆ.ಆರ್. ಆಸ್ಪತ್ರೆ. ರೂಮಿನಿಂದ ಅಲ್ಲಿಗೆ ಹೇಗೆ ಹೋಗಬೇಕು ಅಂತ ಒಮ್ಮೆ ತೋರಿಸಿಬಿಡಿ.

10. ಸಂಬಳ ಶುರುವಾದ ಮೇಲೆ

ಮೈಸೂರಿನ ಹೆಬ್ಬಾಳದಲ್ಲೋ ನಂಜನಗೂಡಿನ ಕಾರ್ಖಾನೆಯಲ್ಲೋ ಕೆಲಸ ಸಿಕ್ಕಿತು, ತಿಂಗಳಿಗೆ 18,000 ಅಂದರು. ಕೈಗೆ ಬರುವುದು ಅಷ್ಟಲ್ಲ. ಮೂಲ ವೇತನ 12,000 ಇದ್ದರೆ ಅದರಲ್ಲಿ ಶೇ 12, ಅಂದರೆ 1,440 ಪಿಎಫ್‌ಗೆ ಹೋಗುತ್ತದೆ. ನೌಕರರ ಆರೋಗ್ಯ ವಿಮೆ ಇಎಸ್‌ಐಗೆ ಪೂರ್ತಿ 18,000ದ ಮೇಲೆ ಶೇ 0.75, ಅಂದರೆ 135. ಕೈಗೆ 16,425. ಪಿಎಫ್‌ಗೆ ಕಂಪನಿಯೂ ತನ್ನ ಪಾಲು ಹಾಕುತ್ತದೆ. ಇಎಸ್‌ಐ ಕಾರ್ಡಿನಲ್ಲಿ ಸಂಪಾದನೆ ಇಲ್ಲದ ಅಪ್ಪ ಅಮ್ಮನಿಗೂ ಚಿಕಿತ್ಸೆ ಉಂಟು, ಹೆಸರು ಸೇರಿಸುವುದನ್ನು ಮರೆಯಬೇಡಿ. ಕೆಲಸ ಬದಲಿಸಿದಾಗ ಪಿಎಫ್ ತೆಗೆದು ಖರ್ಚು ಮಾಡುವ ಚಾಳಿ ಹುಡುಗರಲ್ಲಿ ಇದೆ. ಪಿಎಫ್‌ನ ಅದೇ ಯುಎಎನ್ ನಂಬರಿಗೆ ವರ್ಗ ಮಾಡಿಸಿಕೊಳ್ಳಲಿ. ಕೆಲಸ ಕೊಡಿಸುತ್ತೇವೆ ಅಂತ ಡೆಪಾಸಿಟ್ ಕೇಳುವವರ ಹತ್ತಿರ ಮಾತ್ರ ಸುಳಿಯಲೇಬಾರದು.

ಮನೆಗೆ ಎಷ್ಟು ಕೊಡಬೇಕು ಅನ್ನುವುದೂ ಒಂದು ಅಂಕಿಯಾಗಿರಲಿ. 'ನಿನ್ನ ಕೈಲಾದಷ್ಟು' ಅಂದರೆ ಎರಡೂ ಕಡೆ ಕೊರಗು. ಮನೆಯ ಸಾಲವೆಲ್ಲ ಅವನ ಮೊದಲ ಸಂಬಳದಿಂದಲೇ ತೀರಬೇಕು ಅಂತ ಕಾಯಬೇಡಿ. ಉಳಿತಾಯಕ್ಕೆ ಬ್ಯಾಂಕ್ ಅಥವಾ ಅಂಚೆ ಕಚೇರಿಯ ಆರ್‌ಡಿ ಸಾಕು, ಸಂಬಳ ಬಂದ ಮಾರನೇ ದಿನವೇ ಕಟ್ ಆಗುವ ಹಾಗೆ. ಚೀಟಿ ಹಾಕುವ ಆಸೆ ಇದ್ದರೆ ನೋಂದಣಿಯಾದ ಚೀಟಿ ಮಾತ್ರ. ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ.

ಇನ್ನು ಬೈಕು. ಮೊದಲ ಸಂಬಳಕ್ಕೆ ಮೊದಲ ಬೇಡಿಕೆ ಅದೇ. ಬೇಡ ಅನ್ನಬೇಡಿ, ಆರು ತಿಂಗಳು ತಡಿ ಅನ್ನಿ. ಆ ಬೈಕಿನ ಕಂತು ಎಷ್ಟು ಬರುತ್ತದೋ ಅಷ್ಟನ್ನು ಆರು ತಿಂಗಳು ಆರ್‌ಡಿಗೆ ಕಟ್ಟಲಿ, ಪೆಟ್ರೋಲಿನ ಅಂದಾಜು ದುಡ್ಡನ್ನೂ ಸೇರಿಸಿ. ಒಂದು ಕಂತೂ ತಪ್ಪದೆ ಕಟ್ಟಿದರೆ ಶೋರೂಮಿಗೆ ಹೋಗಲಿ, ಆ ಗಂಟೇ ಡೌನ್ ಪೇಮೆಂಟ್ ಆಗುತ್ತದೆ. ಮೂರನೇ ತಿಂಗಳೇ ತಪ್ಪಿತು ಅಂದರೆ ಸದ್ಯಕ್ಕೆ ಕಂಪನಿ ಬಸ್ಸಿನಲ್ಲೇ ಓಡಾಡಲಿ.